ಅತ್ತಿಗೆಯ ನೆರಳಿನ ಚೀಟಿ

ನಮ್ಮ ಅತ್ತಿಗೆಯನ್ನು ಹೊಗಳಿ ನನಗೆ ಅಭ್ಯಾಸವಿಲ್ಲ. ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಕಿಟಕಿಯ ಹಿಂದೆ ಅಕ್ಕಪಕ್ಕದ ಸ್ಟೂಲುಗಳ ಮೇಲೆ ಕೂತಿದ್ದೇವೆ. ಮನೆಗೆ ಹೋದರೂ ಒಂದೇ ಮಹಡಿ, ಒಂದೇ ಅಡುಗೆಮನೆ. ನಿದ್ದೆಯ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಒಬ್ಬರ ಮುಖ ಒಬ್ಬರು ನೋಡುವುದೇ ಆದಮೇಲೆ ಹೊಗಳಿಕೆ ಎಲ್ಲಿಂದ ಬರಬೇಕು? ಆದರೆ ಹೇಳಬೇಕಾದ ಮಾತನ್ನು ಹೇಳದೆ ಒಮ್ಮೆ ಕೈ ಸುಟ್ಟುಕೊಂಡವನು ನಾನು. ಹಾಗಾಗಿ ಇದನ್ನು ಹೇಳಿಯೇಬಿಡುತ್ತೇನೆ.

ಬೇಸಿಗೆ ಬಂತೆಂದರೆ ನಮ್ಮ ಊರಿಗೆ ಜನ ನುಗ್ಗುತ್ತಾರೆ. ಬೆಳಗಿನ ರೈಲಿಗೆ ಇಳಿದು, ಇಡೀ ಊರನ್ನು ಒಂದೇ ದಿನದಲ್ಲಿ ನೋಡಿ ಮುಗಿಸಿ, ಸಂಜೆಯ ರೈಲು ಹತ್ತುವವರೇ ಹೆಚ್ಚು. ಇಳಿದವರು ಮೊದಲು ಬರುವುದು ನಮ್ಮ ಕಿಟಕಿಗೆ. ಚೀಲ, ಪೆಟ್ಟಿಗೆಗಳನ್ನು ಎತ್ತಿ ಅಟ್ಟದ ಮೇಲಿಡುವುದು ನನ್ನ ಕೆಲಸ. ಫಾರಂ ತುಂಬಿಸಿ, ನಂಬರು ಹೊಡೆದ ತಗಡಿನ ಬಿಲ್ಲೆ ಕೊಡುವುದು ಅತ್ತಿಗೆಯದು. ಬಿಲ್ಲೆ ಕೊಟ್ಟಮೇಲೆ ಕೆಲಸ ಮುಗಿಯಿತು ಎನ್ನಬೇಕು ತಾನೆ? ನಮ್ಮ ಅತ್ತಿಗೆಗೆ ಅಲ್ಲಿಂದಲೇ ಶುರು.

"ಎಷ್ಟು ಜನ ಇದ್ದೀರಿ? ವಯಸ್ಸಾದವರು ಯಾರಾದ್ರೂ ಇದ್ದಾರಾ? ಸಂಜೆ ಎಷ್ಟಕ್ಕೆ ಗಾಡಿ?" ಎಂದು ಕೇಳುತ್ತಲೇ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬಂದವರ ಕಾಲು ನೋಡುತ್ತಾರೆ. ಹೊಸ ಚಪ್ಪಲಿ ಕಂಡರೆ ಮುಗಿಯಿತು. "ಊರು ನೋಡೋಕೆ ಬಂದ್ರಾ, ಚಪ್ಪಲಿ ತೋರಿಸೋಕೆ ಬಂದ್ರಾ? ಚೀಲದಲ್ಲಿ ಹಳೇದಿದ್ರೆ ಈಗಲೇ ಹಾಕ್ಕೊಳ್ಳಿ." ಜನ ನಗುತ್ತಲೇ ಚೀಲ ವಾಪಸ್ ಕೇಳುತ್ತಾರೆ. ನಾನು ಅಷ್ಟು ಹೊತ್ತಿಗೆ ಆ ಚೀಲವನ್ನು ಮೇಲಿನ ಅಟ್ಟಕ್ಕೆ ಏರಿಸಿ ಆಗಿರುತ್ತದೆ. ಮತ್ತೆ ಇಳಿಸಬೇಕು.

ಒಮ್ಮೆ ಹೊಸ ಜೋಡಿಯೊಂದು ಹನ್ನೊಂದು ಜಾಗಗಳ ಪಟ್ಟಿ ಹಿಡಿದುಕೊಂಡು ಬಂತು. ಅತ್ತಿಗೆ ಪಟ್ಟಿ ಓದಿ, ಕನ್ನಡಕದ ಮೇಲಿಂದ ನೋಡಿದರು. "ಮದುವೆ ಆಗಿ ಎಷ್ಟು ದಿನ ಆಯ್ತು?"

"ಹನ್ನೆರಡು ದಿನ."

"ಈ ಬಿಸಿಲಲ್ಲಿ ಹನ್ನೊಂದು ಜಾಗ ನೋಡಿದ್ರೆ ಹದಿಮೂರನೇ ದಿನ ನೀವಿಬ್ಬರೂ ಮಾತು ಬಿಟ್ಟಿರ್ತೀರಿ. ಮೂರು ಸಾಕು. ಅದನ್ನ ಸರಿಯಾಗಿ ನೋಡಿ."

ಅವರೆದುರಿಗೇ ಎಂಟು ಹೆಸರು ಹೊಡೆದು ಹಾಕಿದರು. ಸಂಜೆ ಚೀಲ ಒಯ್ಯಲು ಬಂದಾಗ ಆ ಹುಡುಗಿ ಕಿಟಕಿಯೊಳಗೆ ಕೈ ಹಾಕಿ ಅತ್ತಿಗೆಯ ಕೈ ಹಿಡಿದುಕೊಂಡು ಒಂದು ನಿಮಿಷ ಬಿಡಲೇ ಇಲ್ಲ.

ಅತ್ತಿಗೆಯ ಮಾತುಗಳೆಲ್ಲ ಇಂಥವೇ. ಬಾಯಾರುವ ಮೊದಲೇ ನೀರು ಕುಡಿಯಿರಿ. ದೂರದ ಜಾಗಕ್ಕೆ ಬೆಳಿಗ್ಗೆಯೇ ಹೋಗಿ, ಹತ್ತಿರದ್ದನ್ನು ಸಂಜೆಗಿಡಿ. ದಾರಿಯನ್ನು ನಡೆಯುವವರ ಹತ್ತಿರ ಕೇಳಬೇಡಿ, ಅವರೂ ನಿಮ್ಮ ಹಾಗೆ ಬಂದವರೇ ಇರಬಹುದು. ಅಂಗಡಿಯಲ್ಲಿ ಕೂತವರನ್ನು ಕೇಳಿ. ಫೋನು ಚೀಲದಲ್ಲೇ ಇಟ್ಟು ಹೋಗಿ, ಅದನ್ನು ನೋಡುತ್ತಾ ನಡೆದರೆ ಊರು ಕಾಣುವುದಿಲ್ಲ. ಈ ಕೊನೆಯ ಮಾತಿಗೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಯಾರೂ ಎಂದರೆ, ಒಬ್ಬನ ಹೊರತು. ಆ ಕತೆಗೆ ಆಮೇಲೆ ಬರುತ್ತೇನೆ.

ಇವೆಲ್ಲ ಬಾಯಿಮಾತು. ಬರೆದು ಕೊಡುತ್ತಿದ್ದದ್ದು ಒಂದೇ, ನೆರಳಿನ ಚೀಟಿ. ಅಂಗೈಯಗಲದ ಕಾಗದದ ಮೇಲೆ, ಎಷ್ಟು ಗಂಟೆಗೆ ಯಾವ ಬೀದಿಯ ಯಾವ ಬದಿಯಲ್ಲಿ ನಡೆದರೆ ತಲೆಯ ಮೇಲೆ ಬಿಸಿಲು ಬೀಳುವುದಿಲ್ಲ ಎಂಬ ಲೆಕ್ಕ. ಎಂಟು ಗಂಟೆಗೆ ಅಂಚೆ ಕಚೇರಿ ಬೀದಿ ಬಲಬದಿ. ಹತ್ತಕ್ಕೆ ಬಟ್ಟೆ ಅಂಗಡಿ ಸಾಲು ಎಡಬದಿ, ಮೂಲೆಯವರೆಗೆ ಮಾತ್ರ. ಎರಡಕ್ಕೆ ಎಲ್ಲಿಯೂ ಇಲ್ಲ, ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗೆ ಕೂರಿ. ಹೀಗೆ.

ಈ ಹುಚ್ಚು ಹತ್ತಿದ್ದು ಹೇಗೆಂದರೆ, ಮದುವೆಯಾದ ಹೊಸದರಲ್ಲಿ ಅಣ್ಣ ಹೆಂಡತಿಗೆ ಊರು ತೋರಿಸುತ್ತೇನೆಂದು ಬೇಸಿಗೆಯ ನಡುಮಧ್ಯಾಹ್ನ ಕರೆದುಕೊಂಡು ಹೊರಟ. ಅಣ್ಣ ಬಸ್ ಡ್ರೈವರು, ಬಿಸಿಲು ಎಂದರೆ ಅವನಿಗೆ ಲೆಕ್ಕಕ್ಕಿಲ್ಲ. ಅತ್ತಿಗೆ ಎರಡನೇ ಬೀದಿಯಲ್ಲಿ ತಲೆತಿರುಗಿ ಬಿದ್ದರು. "ಈ ಊರಲ್ಲಿ ನಾನು ಮೊದಲು ನೋಡಿದ್ದು ಆಸ್ಪತ್ರೆಯ ಚಾವಣಿ" ಎಂದು ಇವತ್ತಿಗೂ ಅಣ್ಣನನ್ನು ಚುಚ್ಚುತ್ತಾರೆ. ಅವತ್ತಿನಿಂದ ಅವರ ಕಣ್ಣು ಗೋಡೆಗಳ ಬುಡದ ಮೇಲೆ. ಸಾಮಾನು ಕೋಣೆಗೆ ಸೇರಿದ ಮೇಲೆ ಒಂದು ನೋಟುಬುಕ್ಕೇ ಆಯಿತು. ಬೇಸಿಗೆಗೆ ಒಂದು ತಿಂಗಳ ಮೊದಲು ಪ್ರತಿ ಭಾನುವಾರ ಕರಿ ಕೊಡೆ ಬಗಲಲ್ಲಿ ಇಟ್ಟುಕೊಂಡು, ಕೈಯಲ್ಲಿ ಒಂದು ಚೂರು ಸೀಮೆಸುಣ್ಣ ಹಿಡಿದು ಹೊರಡುತ್ತಾರೆ. ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಕಲ್ಲಿನ ಮೇಲೆ ಗೆರೆ ಎಳೆಯುವುದು, ಎರಡು ಗಂಟೆ ಬಿಟ್ಟು ಮತ್ತೆ ಬಂದು ಇನ್ನೊಂದು ಗೆರೆ. ಹೆಜ್ಜೆ ಎಣಿಸಿ ಬರೆದುಕೊಳ್ಳುವುದು. ಬೀದಿಗೊಂದು ಪುಟ. ಕೊಡೆ ಇದ್ದರೂ ಬಿಚ್ಚುವುದಿಲ್ಲ. "ಕೊಡೆ ಬಿಚ್ಚಿದ್ರೆ ನೆರಳು ಎಲ್ಲಿ ಮುಗೀತು ಅಂತ ನನ್ನ ತಲೆಗೆ ಗೊತ್ತಾಗೋದು ಹೇಗೆ?" ಅನ್ನುತ್ತಾರೆ.

ನಿಲ್ದಾಣದ ಕೂಲಿಗಳು ಅವರಿಗೆ ನೆರಳಮ್ಮ ಎಂದು ಹೆಸರಿಟ್ಟಿದ್ದರು. ಪ್ರವಾಸಿ ಕಚೇರಿಯವರು ಬಣ್ಣದ ಚಿತ್ರಗಳ ಪುಸ್ತಕ ಹಂಚುತ್ತಿದ್ದರು, ಅದರಲ್ಲಿ ನೋಡಬೇಕಾದ ಜಾಗಗಳೆಲ್ಲ ಇದ್ದವು. ಅಲ್ಲಿಗೆ ಬದುಕಿ ತಲುಪುವುದು ಹೇಗೆಂದು ಇದ್ದದ್ದು ಅತ್ತಿಗೆಯ ಚೀಟಿಯಲ್ಲಿ. ಇದನ್ನು ನಾನು ಈಗ ಹೇಳುತ್ತಿದ್ದೇನೆ. ಆಗ ನನಗೆ ಕಾಣುತ್ತಿದ್ದದ್ದು ಕಿಟಕಿಯ ಮುಂದೆ ಬೆಳೆಯುತ್ತಿದ್ದ ಸಾಲು ಮಾತ್ರ.

ಮೂರು ವರ್ಷದ ಹಿಂದಿನ ಬೇಸಿಗೆ. ಸಾಲು ಹೊರಗಿನ ದೀಪದ ಕಂಬದವರೆಗೆ ಹೋಗಿದ್ದ ಒಂದು ಬೆಳಿಗ್ಗೆ ಸೂಪರ್‌ವೈಸರ್ ಬಂದು, ಎಲ್ಲರೆದುರಿಗೆ ನನ್ನನ್ನು ತರಾಟೆಗೆ ತೆಗೆದುಕೊಂಡ. ಚೀಟಿ ಬರೆಯುವವರು ಅತ್ತಿಗೆ, ಬೈಗುಳ ತಿನ್ನುವವನು ನಾನು. ಅವನು ಅತ್ತ ಹೋದದ್ದೇ ನನಗೆ ತಡೆಯಲಾಗಲಿಲ್ಲ.

"ನಿಮ್ಮ ನೆರಳಿನ ಹುಚ್ಚಿಗೆ ನನ್ನ ಕೆಲಸ ಹೋಗುತ್ತೆ ಅತ್ತಿಗೆ. ಬಂದವರು ಬಿಸಿಲಲ್ಲಾದ್ರೂ ನಡೀಲಿ, ಬೆಂಕಿಯಲ್ಲಾದ್ರೂ ನಡೀಲಿ, ನಿಮಗೇನು?"

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿದರು. "ಸರಿ. ಇನ್ನು ಮೇಲೆ ನನ್ನ ಹತ್ತಿರ ಬೀದಿಯ ವಿಷಯ ಎತ್ತಬೇಡ" ಅಂದರು. ಅಷ್ಟೇ. ಚೀಟಿ ಬರೆಯುವುದನ್ನು ಮಾತ್ರ ಬಿಡಲಿಲ್ಲ.

ನಾನೂ ಮುಖ ಊದಿಸಿಕೊಂಡೆ. ಬೀದಿ ಯಾಕೆ, ಯಾವ ವಿಷಯವನ್ನೂ ಎತ್ತುವುದಿಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಊಟದ ಹೊತ್ತಿಗೆ ಅಣ್ಣ ನಮ್ಮಿಬ್ಬರ ಮುಖ ನೋಡಿ, "ಮನೇಲಿ ಯಾರಾದ್ರೂ ಹೋಗಿಬಿಟ್ರಾ?" ಎಂದು ಕೇಳಿದ.

ಆ ಮಾತು ಬಿಟ್ಟ ದಿನಗಳಲ್ಲೇ ಉಗ್ರಾಣದ ಬೀದಿಯಲ್ಲಿ ಕೆಡವುವ ಕೆಲಸ ಶುರುವಾದದ್ದು. ಆ ಬೀದಿಯ ಎಡಬದಿ ಪೂರ್ತಿ, ಈ ಮೂಲೆಯಿಂದ ಆ ಮೂಲೆಗೆ, ಒಂದೇ ಅಂತಸ್ತಿನ ಹಳೆಯ ಉಗ್ರಾಣ ನಿಂತಿತ್ತು. ಅದರ ಸೂರು ಬೀದಿಯ ಮೇಲಕ್ಕೆ ಚಾಚಿಕೊಂಡಿತ್ತು. ಅತ್ತಿಗೆ ಎಂಟುನೂರು ಹೆಜ್ಜೆ ಎಂದು ಎಣಿಸಿ ಬರೆದುಕೊಂಡಿದ್ದ ಗೋಡೆ ಅದು. ಅತ್ತಿಗೆಯ ಲೆಕ್ಕದಲ್ಲಿ ನಡುಮಧ್ಯಾಹ್ನದ ಹೊತ್ತಿಗೂ ಕಾಲಿಡುವಷ್ಟು ನೆರಳು ಉಳಿಯುತ್ತಿದ್ದ ಬೀದಿ ಅದೊಂದೇ. ನಾನು ಸೈಕಲ್ಲಿನಲ್ಲಿ ದಿನಕ್ಕೆರಡು ಸಲ ಅಲ್ಲೇ ಹಾದುಹೋಗುವವನು. ಅತ್ತಿಗೆ ಅಣ್ಣನ ಬಸ್ಸಿನಲ್ಲಿ ಬೇರೆ ದಾರಿಯಿಂದ ಬರುವವರು. ನಾಲ್ಕೇ ದಿನದಲ್ಲಿ ಗೋಡೆ ಪೂರ್ತಿ ಉರುಳಿತು. ಧೂಳು ಕಣ್ಣಿಗೆ ಹೊಡೆಯಿತು, ಅಂಗಿ ಕೆಂಪಾಯಿತು, ಕೆಡವುವವರನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ಬೇರೆ ದಿನವಾಗಿದ್ದರೆ ಕೋಣೆಯೊಳಗೆ ಕಾಲಿಡುವಾಗಲೇ ಅತ್ತಿಗೆಗೆ ಇದನ್ನೆಲ್ಲ ಒದರುತ್ತಿದ್ದೆ. ಮಾತು ಬಿಟ್ಟಿದ್ದೆನಲ್ಲ. ಅಂಗಿ ಕೊಡವಿಕೊಂಡು ಸ್ಟೂಲಿನ ಮೇಲೆ ಕೂತೆ.

ಐದನೆಯ ದಿನ ಬೆಳಿಗ್ಗೆ ಒಬ್ಬ ಅಜ್ಜಿ ಬಂದರು. ಜೊತೆಗೆ ಮಗ, ಸೊಸೆ. ಅಜ್ಜಿಗೆ ಎಪ್ಪತ್ತು ದಾಟಿರಬೇಕು. ಹಿಂದಿನ ವರ್ಷ ಎದೆಯ ಆಪರೇಷನ್ ಆಗಿತ್ತಂತೆ. ಬಿಸಿಲಿಗೆ ಹೋಗಲೇಕೂಡದು ಎಂದು ಡಾಕ್ಟರು ಹೇಳಿದ್ದಾರೆ, ಇವರು ಪಟ್ಟು ಹಿಡಿದು ಬಂದಿದ್ದಾರೆ ಎಂದು ಮಗ ಕಿಟಕಿಯಲ್ಲೇ ದೂರು ಹೇಳಿದ.

"ಏನು ನೋಡ್ಬೇಕಮ್ಮ ನಿಮಗೆ?" ಅತ್ತಿಗೆ ಕೇಳಿದರು.

"ಗಡಿಯಾರದ ಗೋಪುರ. ಬೇರೇನೂ ಬೇಡ ತಾಯಿ."

ಅಜ್ಜಿಯ ಗಂಡ ಬೋರ್ಡು ಬರೆಯುವ ಪೇಂಟರು. ಮದುವೆಗೆ ಮೊದಲು, ಆ ಗೋಪುರವನ್ನು ರಿಪೇರಿ ಮಾಡಿದಾಗ, ಕೆಲಸ ಮಾಡಿದವರೆಲ್ಲರ ಹೆಸರನ್ನು ಒಳಗೋಡೆಯ ಮೇಲೆ ಬರೆಯುವ ಕೆಲಸ ಅವರಿಗೆ ಸಿಕ್ಕಿತ್ತಂತೆ. ಕಲ್ಲು ಹೊತ್ತವರಿಂದ ಹಿಡಿದು ಎಲ್ಲರ ಹೆಸರು. ಕೊನೆಯಲ್ಲಿ, ಯಾರೂ ಹೇಳದಿದ್ದರೂ, ಬಾಗಿಲ ಹಿಂದೆ ತಮ್ಮ ಹೆಸರನ್ನೂ ಸಣ್ಣದಾಗಿ ಬರೆದೆ ಎಂದು ಬದುಕಿರುವವರೆಗೂ ಹೇಳುತ್ತಿದ್ದರಂತೆ.

"ನಾನು ನಂಬಿರಲಿಲ್ಲ" ಅಂದರು ಅಜ್ಜಿ. "ಬಡಾಯಿ ಅಂತ ಬೈತಿದ್ದೆ. ಹೋದ ಮೇಲೆ ಯಾಕೋ ನೋಡ್ಬೇಕು ಅನ್ನಿಸ್ತಿದೆ. ನನಗೂ ಇನ್ನೆಷ್ಟು ಬೇಸಿಗೆ ಇದೆಯೋ ಗೊತ್ತಿಲ್ಲ."

ಗೋಪುರದ ಬಾಗಿಲು ತೆರೆಯುವುದು ದಿನಕ್ಕೊಂದೇ ಸಲ, ಹನ್ನೆರಡರಿಂದ ಒಂದರವರೆಗೆ, ಗಡಿಯಾರಕ್ಕೆ ಕೀಲಿ ಕೊಡುವ ಹೊತ್ತಿನಲ್ಲಿ. ಆ ಭಾಗಕ್ಕೆ ಹಗಲಲ್ಲಿ ಗಾಡಿ ಬಿಡುವುದಿಲ್ಲ, ನಡೆದೇ ಹೋಗಬೇಕು. ಸಂಜೆ ಆರಕ್ಕೆ ಅವರ ರೈಲು. ಎದೆ ಸರಿಯಿಲ್ಲದ ಜೀವವನ್ನು ನಡುಮಧ್ಯಾಹ್ನ ನಡೆಸಿಕೊಂಡು ಹೋಗಬೇಕು. ಬೇರೆ ಯಾರಾದರೂ ಆಗುವುದಿಲ್ಲ ಎನ್ನುತ್ತಿದ್ದರು.

ಅತ್ತಿಗೆ ನೋಟುಬುಕ್ಕು ತೆಗೆದರು. ಬರೆಯಲು ಹತ್ತು ನಿಮಿಷ ಹಿಡಿಯಿತು, ಸಾಲು ಬೆಳೆಯಿತು, ನಾನು ಹಲ್ಲು ಕಚ್ಚಿಕೊಂಡು ಚೀಲ ಎತ್ತುತ್ತಿದ್ದೆ. ಒಂಬತ್ತರಿಂದ ವಸ್ತು ಸಂಗ್ರಹಾಲಯ, ಗೋಡೆ ದಪ್ಪ, ಒಳಗೆ ತಂಪು, ಮೂರನೇ ಕೋಣೆಯಲ್ಲಿ ಬೆಂಚು ಇದೆ, ಅಮ್ಮ ಅಲ್ಲಿ ಕೂರಬೇಕು. ಹನ್ನೊಂದೂ ಮುಕ್ಕಾಲಿಗೆ ಹೊರಟು ಉಗ್ರಾಣದ ಬೀದಿ, ಎಡಬದಿ, ಗೋಡೆಗೆ ಅಂಟಿಕೊಂಡು ನಿಧಾನವಾಗಿ. ಅದು ಮುಗಿದಲ್ಲೇ ಗೋಪುರ.

ಚೀಟಿ ಕೊಡುತ್ತಾ ಅತ್ತಿಗೆ ಅಜ್ಜಿಗೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನಿಮ್ಮ ತಲೆ ಮೇಲೆ ಬಿಸಿಲು ಬೀಳದ ಹಾಗೆ ಗೋಪುರದ ಬಾಗಿಲಿಗೆ ತಲುಪಿಸೋ ಜವಾಬ್ದಾರಿ ನನ್ನದು."

ನಾನು ಪಕ್ಕದಲ್ಲೇ ಇದ್ದೆ. ಉಗ್ರಾಣದ ಬೀದಿ ಎಂದು ಅವರು ಓದಿ ಹೇಳಿದ್ದು ಕೇಳಿಸಿತು. ಗೋಡೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಗೋಡೆಯ ಜೊತೆ ನೆರಳೂ ಹೋಯಿತು ಎಂದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ. ನಾನು ಆ ಹೊತ್ತಿಗೆ ಯೋಚಿಸುತ್ತಿದ್ದದ್ದು, ಸೂಪರ್‌ವೈಸರ್ ಈ ಸಾಲು ನೋಡಿದರೆ ಏನು ಗತಿ ಎಂದು.

ಹನ್ನೊಂದೂ ಮುಕ್ಕಾಲು ದಾಟಿತ್ತು. ಒಬ್ಬ ಪ್ರಯಾಣಿಕ ಒಂದು ತಗಡಿನ ಪೆಟ್ಟಿಗೆ ತಂದು ಕಿಟಕಿಯ ಮೇಲಿಟ್ಟ. ಪೆಟ್ಟಿಗೆಯ ಮೇಲೆ ದಪ್ಪನೆಯ ಕೆಂಪು ಧೂಳು. ನಾನು ಎತ್ತಿದ್ದಕ್ಕೆ ಅತ್ತಿಗೆಯ ಫಾರಮುಗಳ ಮೇಲೆಲ್ಲ ಉದುರಿತು.

"ಇಷ್ಟು ಧೂಳು ಎಲ್ಲಿಂದ ಹೊತ್ಕೊಂಡು ಬಂದ್ರಿ?" ಅತ್ತಿಗೆ ಅವನನ್ನು ಕೇಳಿದರು.

ಅವನು ಬಾಯಿ ತೆರೆಯುವುದರೊಳಗೆ, ಐದು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ನನ್ನಿಂದ ಹೊರಬಿತ್ತು. "ಉಗ್ರಾಣದ ಬೀದಿಯಿಂದ ಬಂದಿರ್ತಾರೆ. ಆ ಹಳೇ ಕಟ್ಟಡ ಕೆಡವಿ ನೆಲಸಮ ಮಾಡಿದ್ದಾರಲ್ಲ, ನನ್ನ ಮೂರು ಅಂಗಿ ಹಾಳಾಯ್ತು."

ಅತ್ತಿಗೆ ನನ್ನ ಕಡೆ ತಿರುಗಿದರು. "ಯಾವ ಬದಿ?"

"ಎಡಬದಿ. ಪೂರ್ತಿ" ಅಂದೆ. ಅಂದಮೇಲೆ ಅಜ್ಜಿಯ ಚೀಟಿ ನೆನಪಾಯಿತು.

ಅತ್ತಿಗೆ ಫಾರಮು ಹುಡುಕಿ ಮಗನ ನಂಬರಿಗೆ ಫೋನು ಮಾಡಿದರು. ನಮ್ಮ ತಲೆಯ ಮೇಲಿನ ಅಟ್ಟದಿಂದ, ನಲವತ್ತೊಂದನೇ ಖಾನೆಯಿಂದ ಫೋನು ರಿಂಗಾಯಿತು. ಅತ್ತಿಗೆ ಹೇಳಿದ್ದನ್ನು ಕೇಳಿ ಫೋನನ್ನು ಚೀಲದಲ್ಲೇ ಬಿಟ್ಟು ಹೋದ ಒಬ್ಬನೇ ಒಬ್ಬ ಎಂದೆನಲ್ಲ, ಅವನೇ ಇವನು. ಅದು ರಿಂಗಾಗುತ್ತಲೇ ಇತ್ತು, ಅತ್ತಿಗೆ ಕೇಳುತ್ತಾ ನಿಂತಿದ್ದರು.

ಆಮೇಲೆ ಕೊಡೆ ತೆಗೆದುಕೊಂಡರು, ನೀರಿನ ಬಾಟಲಿ ತೆಗೆದುಕೊಂಡರು, ಟವೆಲ್ ಒಂದನ್ನು ನಲ್ಲಿಯಡಿ ಒದ್ದೆ ಮಾಡಿ ಹಿಂಡದೆ ಹಾಗೇ ಚೀಲಕ್ಕೆ ತುಂಬಿದರು. "ನಿನ್ನ ಸೈಕಲ್ಲು ಎಲ್ಲಿದೆ?"

"ನಾನೊಬ್ಬನೇ ಹೋಗ್ತೀನಿ ಅತ್ತಿಗೆ. ನಿಮ್ಮ ಮಂಡಿ ನೋವು..."

"ಮಾತು ಕೊಟ್ಟವಳು ನಾನು. ನಡಿ."

ಹದಿನೇಳು ವರ್ಷದಲ್ಲಿ ಒಮ್ಮೆಯೂ ಮುಚ್ಚದ ಕಿಟಕಿಯನ್ನು ನಾನೇ ಎಳೆದು ಬೀಗ ಹಾಕಿದೆ. ಸಾಲಿನಲ್ಲಿದ್ದವರು ಕೂಗಾಡಿದರು. ಐವತ್ತಮೂರು ವರ್ಷದ ಅತ್ತಿಗೆ ನನ್ನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತು, ಒಂದು ಕೈಯಲ್ಲಿ ನನ್ನ ಸೊಂಟದ ಬೆಲ್ಟು, ಇನ್ನೊಂದರಲ್ಲಿ ಕೊಡೆ ಹಿಡಿದುಕೊಂಡರು. ಕೂಲಿಗಳು ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಆ ಬಿಸಿಲಲ್ಲಿ ಎದೆ ಒಡೆಯುವ ಹಾಗೆ ತುಳಿದೆ. ದಾರಿಯುದ್ದಕ್ಕೂ ಅತ್ತಿಗೆ ಒಂದೇ ಒಂದು ಮಾತಾಡಿದರು. "ನಿನಗೆ ಗೊತ್ತಿತ್ತಾ?"

"ಗೋಡೆ ಗೊತ್ತಿತ್ತು ಅತ್ತಿಗೆ. ನೆರಳು ಹೊಳೀಲಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

ಉಗ್ರಾಣದ ಬೀದಿಗೆ ತಿರುಗಿದಾಗ ಕಣ್ಣಿಗೆ ರಾಚಿತು. ಎಡಬದಿಯಲ್ಲಿ ಎದೆಯೆತ್ತರದ ತಗಡಿನ ಬೇಲಿ, ಅದರಾಚೆ ಇಟ್ಟಿಗೆಯ ರಾಶಿ, ಮೇಲೆ ಬರೀ ಆಕಾಶ. ಬಲಬದಿಯಲ್ಲಿ ಮೋಟು ಗೋಡೆ, ನಡುವೆ ಒಂದು ಕ್ಷೌರದಂಗಡಿ. ಬೀದಿಯ ಅರ್ಧದಲ್ಲಿ ಮೂವರು ಕಂಡರು. ಅಜ್ಜಿ ತಗಡಿನ ಬೇಲಿಗೆ ಒರಗಿಕೊಂಡು ಒಂದು ಕಲ್ಲಿನ ಮೇಲೆ ಕೂತಿದ್ದರು. ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಸೊಸೆ ಗಾಳಿ ಬೀಸುತ್ತಿದ್ದಳು. ಬೀಸುತ್ತಿದ್ದದ್ದು ಅತ್ತಿಗೆ ಬರೆದುಕೊಟ್ಟ ಚೀಟಿಯಲ್ಲಿ.

ಅತ್ತಿಗೆ ಸೈಕಲ್ಲು ನಿಲ್ಲುವ ಮೊದಲೇ ಧುಮುಕಿದರು. ಕೊಡೆ ಬಿಚ್ಚಿ ನನ್ನ ಕೈಗೆ ತುರುಕಿ, ಒದ್ದೆ ಟವೆಲನ್ನು ಅಜ್ಜಿಯ ಕತ್ತಿಗೆ ಸುತ್ತಿದರು. "ಒಂದೊಂದೇ ಗುಟುಕು ಅಮ್ಮ, ಗಟಗಟ ಕುಡೀಬೇಡಿ" ಎನ್ನುತ್ತಾ ನೀರು ಕುಡಿಸಿದರು. ನಾನೂ ಮಗನೂ ಅಜ್ಜಿಯನ್ನು ಎತ್ತಿಕೊಂಡು ಎದುರಿನ ಕ್ಷೌರದಂಗಡಿಗೆ ಕರೆದೊಯ್ದೆವು. ಕ್ಷೌರದವನು ಅರ್ಧ ಸೋಪು ಹಚ್ಚಿದ್ದ ಗಿರಾಕಿಯನ್ನು ಎಬ್ಬಿಸಿ, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಫ್ಯಾನನ್ನು ಜೋರು ಮಾಡಿದ.

ಹದಿನೈದು ನಿಮಿಷ ಕಳೆಯಿತು. ಅತ್ತಿಗೆ ಅಜ್ಜಿಯ ನಾಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. ನಿಧಾನವಾಗಿ ಮುಖದ ಕೆಂಪು ಇಳಿಯಿತು, ಅಜ್ಜಿ ಕಣ್ಣು ಬಿಟ್ಟರು.

ಮಗನಿಗೆ ಆಗ ಸಿಟ್ಟು ಬಂತು. ಬರಲೇಬೇಕಿತ್ತು. "ಎಲ್ರೀ ನಿಮ್ಮ ನೆರಳು? ಅರ್ಧ ದಾರಿಗೆ ವಾಪಸ್ ಹೋಗೋಣ ಅಂದೆ. ಅಮ್ಮ ಕೇಳಲಿಲ್ಲ. ಆ ಹೆಣ್ಣುಮಗಳು ಸುಳ್ಳು ಬರೆದಿರೋದಿಲ್ಲ, ಇನ್ನೊಂದು ಸ್ವಲ್ಪ ಮುಂದೆ ನೆರಳು ಬರುತ್ತೆ, ಬರುತ್ತೆ ಅಂತ ನಡೆದುಬಿಟ್ರು."

ಅತ್ತಿಗೆಗೆ ಅದು ಚಾಟಿಯ ಹಾಗೆ ಬಿತ್ತು. ಗೋಡೆ ಕೆಡವಿದವರ ಮೇಲೆ ಹಾಕಬಹುದಿತ್ತು. ಹೇಳದೆ ಕೂತ ನನ್ನ ಮೇಲೆ ಹಾಕಬಹುದಿತ್ತು, ಹಾಕಿದ್ದರೆ ಅದು ನ್ಯಾಯವೇ. "ತಪ್ಪು ನಂದು" ಅಂದರು. "ಒಂದೂವರೆ ತಿಂಗಳ ಹಿಂದೆ ನೋಡಿದ ನೆರಳನ್ನ ಇವತ್ತಿನದು ಅಂತ ಬರೆದುಕೊಟ್ಟೆ."

ನಾನು ಬಾಯಿ ತೆರೆದೆ. ಅತ್ತಿಗೆ ನನ್ನನ್ನು ನೋಡದೆಯೇ ಕೈಯೆತ್ತಿ ತಡೆದರು.

ಗಂಟೆ ಹನ್ನೆರಡೂವರೆ ದಾಟಿತ್ತು. ಸಾಕು, ಇನ್ನು ವಾಪಸ್ ಹೋಗೋಣ ಎಂದ ಮಗ. ಅಜ್ಜಿ ಕುರ್ಚಿಯಲ್ಲಿ ಮಲಗಿದ್ದಂತೆಯೇ, "ಇಷ್ಟು ದೂರ ಬಂದು?" ಎಂದರು. ಆ ದನಿ ಕೇಳಿದರೆ ಕಲ್ಲೂ ಕರಗಬೇಕು. ಮಗ ಅತ್ತಿಗೆಯ ಮುಖ ನೋಡಿದ. ಬೈದ ಎರಡು ನಿಮಿಷಕ್ಕೆ ಅವನೂ ಅತ್ತಿಗೆಯನ್ನೇ ಕೇಳಿದ. "ಆಗುತ್ತಾ?"

ಅತ್ತಿಗೆ ಅಜ್ಜಿಯ ಕಣ್ಣು ನೋಡಿದರು, ನಾಡಿ ಮತ್ತೊಮ್ಮೆ ಎಣಿಸಿದರು. "ನಡೆಯೋದಾದ್ರೆ ಬೇಡ. ಕೂತು ಬರೋದಾದ್ರೆ, ತಲೆ ಮೇಲೆ ಒಂದು ಚೂರೂ ಬಿಸಿಲು ಬೀಳದ ಹಾಗೆ, ನಾನು ಕರ್ಕೊಂಡು ಹೋಗ್ತೀನಿ."

ಕ್ಷೌರದವನು ತನ್ನ ಕುರ್ಚಿಯ ಮೆತ್ತೆಯನ್ನು ಬಿಚ್ಚಿ ಕೊಟ್ಟ. ಅದನ್ನು ಕ್ಯಾರಿಯರಿಗೆ ಕಟ್ಟಿ ಅಜ್ಜಿಯನ್ನು ಕೂರಿಸಿದೆವು. ನಾನು ಹ್ಯಾಂಡಲ್ ಹಿಡಿದು ತಳ್ಳಿದೆ, ಮಗ ಒಂದು ಕಡೆ, ಸೊಸೆ ಇನ್ನೊಂದು ಕಡೆ. ಅತ್ತಿಗೆ ಕೊಡೆಯನ್ನು ಅಜ್ಜಿಯ ತಲೆಯ ಮೇಲೆ ಚಾಚಿ ಹಿಡಿದು ಪಕ್ಕದಲ್ಲಿ ನಡೆದರು. ಮಂಡಿ ನೋವಿಗೆ ಒಂದು ಕಾಲು ಎಳೆಯುತ್ತಿತ್ತು. ಕೊಡೆ ಪೂರ್ತಿ ಅಜ್ಜಿಯ ಮೇಲೆ, ಅವರದು ಬರಿ ತಲೆ. ನಾಲ್ಕುನೂರು ಹೆಜ್ಜೆ. ನಾನು ಎಣಿಸಿದೆ. ಯಾವತ್ತೂ ಎಣಿಸದವನು ಅವತ್ತು ಒಂದೊಂದನ್ನೂ ಎಣಿಸಿದೆ. ಮೂವತ್ತು ವರ್ಷದ ಹಿಂದೆ ಇಂಥದೇ ಬಿಸಿಲಲ್ಲಿ ಬಿದ್ದ ಹೆಂಗಸು ಇವರು ಎಂದು ಆಗ ನೆನಪಾಯಿತು. ಇಂಥವರ ಪಕ್ಕದಲ್ಲಿ ಹದಿನೇಳು ವರ್ಷ ಕೂತು ಸಾಲು ಉದ್ದವಾಯಿತೆಂದು ಗೊಣಗಿದವನು ನಾನು.

ಗೋಪುರ ತಲುಪಿದಾಗ ಒಂದಕ್ಕೆ ಐದು ನಿಮಿಷವಿತ್ತು. ಕೀಲಿ ಕೊಡುವ ಮುದುಕ ಬೀಗ ಹಿಡಿದು ನಿಂತಿದ್ದ. ಅತ್ತಿಗೆ ಅವನ ಹತ್ತಿರ ಏನೋ ಹೇಳಿದರು, ಅವನು ಅಜ್ಜಿಯನ್ನು ನೋಡಿ ದಾರಿ ಬಿಟ್ಟ. ಒಳಗೆ ತಂಪಿತ್ತು. ಎದುರು ಗೋಡೆಯ ತುಂಬ ಹೆಸರುಗಳು, ಅಂಗೈಯಷ್ಟು ದೊಡ್ಡ ಅಕ್ಷರ, ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು. ಮಗ, ಸೊಸೆ ಇಬ್ಬರೂ ಮೇಲಿಂದ ಕೆಳಗೆ ಹುಡುಕಿದರು. ಅಜ್ಜಿಯ ಗಂಡನ ಹೆಸರು ಇರಲಿಲ್ಲ.

ಅಜ್ಜಿ ಸುಮ್ಮನೆ ತಲೆ ಆಡಿಸಿದರು. "ಬಡಾಯಿ ಅಂತ ನಾನು ಹೇಳಲಿಲ್ವಾ" ಅಂದರು.

"ಅಮ್ಮ, ಬೆಳಿಗ್ಗೆ ಬಾಗಿಲ ಹಿಂದೆ ಅಂದ್ರಿ" ಎಂದರು ಅತ್ತಿಗೆ. ಬಾಗಿಲು ಪೂರ್ತಿ ತೆರೆದು ಗೋಡೆಗೆ ಒತ್ತಿಕೊಂಡಿತ್ತು. ತೆರೆದಿರುವ ಹೊತ್ತಿನಲ್ಲಷ್ಟೇ ಜನ ಬರುತ್ತಾರೆ, ಹಾಗಾಗಿ ಅದರ ಹಿಂದಿನ ಗೋಡೆಯನ್ನು ಯಾರೂ ನೋಡುವುದಿಲ್ಲ. ಮುದುಕನನ್ನು ಕೇಳಿ, ನಮ್ಮೆಲ್ಲರನ್ನೂ ಒಳಗೇ ಇಟ್ಟುಕೊಂಡು ಬಾಗಿಲು ಮುಚ್ಚಿಸಿದರು. ಮುದುಕ ಟಾರ್ಚು ಹಾಕಿದ.

ಇತ್ತು. ಹೆಬ್ಬೆರಳಷ್ಟು ಅಕ್ಷರ. ಬಿಸಿಲು ಕಾಣದ ಬಣ್ಣ ನಿನ್ನೆ ಬರೆದ ಹಾಗಿತ್ತು.

ಅಜ್ಜಿ ಅದರ ಮೇಲೆ ಅಂಗೈ ಇಟ್ಟರು. "ನಲವತ್ತು ವರ್ಷ ಬೈದೆನಲ್ಲ ಇವರನ್ನ" ಎಂದು ಅತ್ತರು. ಅತ್ತಿಗೆಯೂ ಅತ್ತರು. ನನ್ನ ವಿಷಯ ಬಿಡಿ.

ನಾವು ಕಿಟಕಿ ತೆರೆದಾಗ ಎರಡು ಗಂಟೆ. ಸೂಪರ್‌ವೈಸರ್ ಕಾದಿದ್ದ. ಮುಚ್ಚಿದ್ದು ನಾನು ಎಂದು ನಾನೂ, ಅಲ್ಲ ನಾನು ಎಂದು ಅತ್ತಿಗೆಯೂ ಹಟ ಹಿಡಿದೆವು. ಅವನು ಇಬ್ಬರಿಗೂ ನೋಟೀಸು ಬರೆದುಕೊಟ್ಟ. ಅತ್ತಿಗೆ ಸಹಿ ಹಾಕಿ, ನೆರಳಿನ ನೋಟುಬುಕ್ಕನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರು. ಮಧ್ಯಾಹ್ನವೆಲ್ಲ ಬರೀ ಬಿಲ್ಲೆ ಕೊಟ್ಟರು. ಯಾರೋ ಮಕ್ಕಳನ್ನು ಕರೆದುಕೊಂಡು ಬಂದವರು ದಾರಿ ಕೇಳಿದರೆ, ಪ್ರವಾಸಿ ಕಚೇರಿಯ ಪುಸ್ತಕ ತೋರಿಸಿದರು. ಸಾಲು ಸರಸರ ಸಾಗಿತು. ನಾನು ಎಷ್ಟೋ ವರ್ಷ ಬೇಡಿದ್ದು ಅದನ್ನೇ. ಒಂದು ಚೂರೂ ಹಿತವಾಗಲಿಲ್ಲ.

ಐದಕ್ಕೆ ಅಜ್ಜಿಯ ಮನೆಯವರು ಚೀಲಗಳಿಗೆ ಬಂದರು. ಅಜ್ಜಿ ಬಿಲ್ಲೆಯ ಜೊತೆಗೆ, ಬೆವರಿಗೆ ಮುದುಡಿದ ಆ ಚೀಟಿಯನ್ನೂ ಕಿಟಕಿಯೊಳಗೆ ಸರಿಸಿದರು.

"ಇದನ್ನ ತಿದ್ದಿ ಕೊಡು ತಾಯಿ."

"ನಾನಿನ್ನು ಬರೆಯಲ್ಲಮ್ಮ. ನಿಮ್ಮ ಜೀವಕ್ಕೇ ಕುತ್ತು ತಂದೆ."

"ನನ್ನ ತಂಗಿ ಮುಂದಿನ ವಾರ ಬರ್ತಾಳೆ. ಅವಳ ಭಾವನ ಹೆಸರು ಅವಳೂ ನೋಡ್ಬೇಕು. ಅವಳಿಗೆ ನನಗಿಂತ ಮಂಡಿ ನೋವು ಜಾಸ್ತಿ." ಅಜ್ಜಿ ಕಿಟಕಿಯ ಕಟ್ಟೆಗೆ ಮೊಣಕೈ ಊರಿದರು. "ತಪ್ಪು ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಬಿಸಿಲಲ್ಲಿ ಓಡಿ ಬಂದು ತಿದ್ದಿದವರನ್ನ ನಾನು ನೋಡಿದ್ದು ಇವತ್ತೇ. ಅವಳ ಕೈಗೆ ನಿನ್ನ ಚೀಟೀನೇ ಕೊಡಬೇಕು. ಬೇರೆ ಯಾರದೂ ಬೇಡ."

ಹಿಂದೆ ಸಾಲು ಕಾಯುತ್ತಿತ್ತು. ಅತ್ತಿಗೆ ಮುದುಡಿದ ಚೀಟಿಯನ್ನು ಅಂಗೈಯಿಂದ ಒತ್ತಿ ನೇರ ಮಾಡಿದರು. ಆಮೇಲೆ ಡ್ರಾಯರಿನ ಬೀಗ ತೆಗೆದು, ಪೆನ್ನು ಹಿಡಿದು, ಉಗ್ರಾಣದ ಬೀದಿ ಎಂಬುದನ್ನು ಹೊಡೆದು ಹಾಕಿದರು. ಹೊಡೆದ ಮೇಲೆ ಕೈ ನಿಂತಿತು. ನನ್ನ ಕಡೆ ತಿರುಗಿದರು. ಐದು ದಿನದ ಹಿಂದೆ ನನ್ನ ಹತ್ತಿರ ಎತ್ತಬೇಡ ಎಂದಿದ್ದ ಮಾತನ್ನು ತಾವೇ ಎತ್ತಿದರು.

"ಅಲ್ಲಿಗೆ ಬೇರೆ ಯಾವ ಬೀದಿಯಲ್ಲಿ ಹೋಗ್ಬಹುದು? ನೀನು ದಿನಾ ಆ ಕಡೆಯಿಂದಲೇ ಬರ್ತೀಯಲ್ಲ."

ಹದಿನೇಳು ವರ್ಷ ಆ ಬೀದಿಗಳಲ್ಲಿ ಸೈಕಲ್ಲು ತುಳಿದವನು ನಾನು. ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಅತ್ತಿಗೆ" ಅಂದೆ. "ಸೀಮೆಸುಣ್ಣ ಕೊಡಿ. ನಾಳೆ ಹನ್ನೆರಡು ಗಂಟೆಗೆ ನೋಡ್ಕೊಂಡು ಬರ್ತೀನಿ."

ಅಜ್ಜಿಗೆ ಚೀಟಿಯನ್ನು ಅಂಚೆಯಲ್ಲಿ ಕಳಿಸಿದೆವು, ಮೂರು ದಿನ ಬಿಟ್ಟು, ಮರಗಳಿರುವ ಒಂದು ಸುತ್ತುದಾರಿಯನ್ನು ಹುಡುಕಿ ನಾನು ಮೂರು ಸಲ ನಡೆದು ನೋಡಿದ ಮೇಲೆ. ತಂಗಿ ಬಂದರು. ನೋಡಿದರು. ತಲೆಯ ಮೇಲೆ ಬಿಸಿಲು ಬೀಳಲಿಲ್ಲ ಎಂದು ಕಿಟಕಿಗೆ ಬಂದು ಹೇಳಿಹೋದರು.

ಈಗ ಅತ್ತಿಗೆಯ ಮಂಡಿ ಪೂರ್ತಿ ಕೈಕೊಟ್ಟಿದೆ. ಭಾನುವಾರದ ನಡಿಗೆಯೂ ನನ್ನದೇ, ವಾರದ ನಡುವಿನ ಸುತ್ತೂ ನನ್ನದೇ. ಊಟದ ವಿರಾಮದಲ್ಲಿ ಸೈಕಲ್ಲು ಹತ್ತಿ ಹೋಗಿ ಗೋಡೆಗಳು ನಿಂತಿವೆಯೇ, ಯಾರಾದರೂ ಮರ ಕಡಿದರೇ ಎಂದು ನೋಡಿ ಬರುತ್ತೇನೆ. ಬಂದವನೇ ಎಲ್ಲ ಒದರುತ್ತೇನೆ, ಅತ್ತಿಗೆ ಬರೆದುಕೊಳ್ಳುತ್ತಾರೆ. ಎಷ್ಟೇ ಜಗಳವಾಗಲಿ, ಮಾತು ಬಿಡುವ ಹಾಗಿಲ್ಲ. ಚೀಟಿಯ ತಲೆಯಲ್ಲಿ ಅವರು ಹೊಸದಾಗಿ ಒಂದು ಸಾಲು ಸೇರಿಸಿದ್ದಾರೆ: ನೆರಳು ಕಾಣದಿದ್ದರೆ ಈ ಚೀಟಿಯನ್ನು ನಂಬಬೇಡಿ, ನಿಂತುಬಿಡಿ.

ಕೊನೆಯಲ್ಲಿ ಇನ್ನೊಂದು ಸಾಲಿದೆ. ಅದನ್ನು ಅವರು ನನಗೆ ಹೇಳದೆಯೇ ಬರೆಯಲು ಶುರುಮಾಡಿದ್ದು. ಒಬ್ಬ ಪ್ರಯಾಣಿಕ ಚೀಟಿ ಓದಿ, ನನ್ನನ್ನು ತೋರಿಸಿ, "ಇವರೇನಾ?" ಎಂದು ಕೇಳಿದಾಗಲೇ ನಾನು ಇಣುಕಿ ನೋಡಿದ್ದು. ಅತ್ತಿಗೆಯ ದುಂಡು ಅಕ್ಷರದಲ್ಲಿ ಹೀಗಿತ್ತು: ಈ ನೆರಳನ್ನು ನಿನ್ನೆ ನನ್ನ ಮೈದುನ ಕಣ್ಣಾರೆ ನೋಡಿ ಬಂದಿದ್ದಾನೆ.